ಏನೂ ಹಾಕದ ಟ್ಯೂಬು

ಅಕ್ಟೋಬರ್ 7ರ ಸಂಜೆ ನಮ್ಮ ಆಫೀಸಿನಲ್ಲಿ ಒಂದೇ ಸುದ್ದಿಯ ಫಾರ್ವರ್ಡ್ ಮೇಲು ಪ್ರತಿಯೊಬ್ಬರಿಗೂ ನಾಲ್ಕೈದು ಸಲ ಬಂತು. ಚಿದಂಬರಂನಲ್ಲಿ ಹುಟ್ಟಿ ಬರೋಡಾದಲ್ಲಿ ಬಿಎಸ್ಸಿ ಓದಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ ಕೆಮಿಸ್ಟ್ರಿ ನೊಬೆಲ್. ಕಾಫಿ ಮೆಷೀನಿನ ಹತ್ತಿರ ಅದೇ ಮಾತು. ಅವರು ತಮಿಳರೋ, ಗುಜರಾತಿನವರೋ, ಈಗ ಯಾವ ದೇಶದ ಪಾಸ್‌ಪೋರ್ಟು ಅಂತ ಅರ್ಧ ಗಂಟೆ ಚರ್ಚೆ ಆಯ್ತು. ನೊಬೆಲ್ ಕೊಟ್ಟಿದ್ದು ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ‘ರೈಬೋಸೋಮ್’ ಅಂತ ಮೇಲಿನಲ್ಲೇ ಇತ್ತು. ನಾವೆಲ್ಲ ಬಿಇ ಓದಿದವರು, ಬಯಾಲಜಿ ಅಂದ್ರೆ ಸೆಕೆಂಡ್ ಪಿಯುಸಿಗೇ ಕೈ ತೊಳೆದುಕೊಂಡವರು.

ನನಗೂ ಅಷ್ಟೇ ಗೊತ್ತಿದ್ದಿದ್ದು. ಆದರೆ ಅದೇ ವಾರ ಊರಿಂದ ಅಣ್ಣನ ಮಗಳು ಫೋನ್ ಮಾಡಿದಳು. ಪಿಯುಸಿ ಓದ್ತಿದಾಳೆ, ತಾಲೂಕಿನ ಕಾಲೇಜಿನಲ್ಲಿ. “ಚಿಕ್ಕಪ್ಪ, ಟೆಸ್ಟಲ್ಲಿ ಒಂದು ಮಾರ್ಕ್ಸ್ ಹೊಡೆದುಬಿಟ್ರು. ಕಿಣ್ವಗಳು ಏನು ಅಂತ ಕೇಳಿದ್ರು. ಬಹುಪಾಲು ಕಿಣ್ವಗಳು ಪ್ರೋಟೀನುಗಳು ಅಂತ ಬರೆದೆ. ‘ಬಹುಪಾಲು’ ಅನ್ನೋದಕ್ಕೆ ಕೆಂಪಿಂಕಲ್ಲಿ ರೌಂಡ್ ಹಾಕಿ ಸೊನ್ನೆ ಕೊಟ್ಟಿದಾರೆ. ಎಲ್ಲಾ ಅಂತ ಬರೀಬೇಕಂತೆ.” ಎಲ್ಲಿ ಓದಿದೆ ಅಂದ್ರೆ, ಲೈಬ್ರರಿಯಲ್ಲಿದ್ದ ಯಾವುದೋ ಪುಸ್ತಕದಲ್ಲಿ ಅಂದಳು. ನಾನು ದೊಡ್ಡ ಮನುಷ್ಯನ ಹಾಗೆ, “ಸುಮ್ನೆ ‘ಎಲ್ಲಾ’ ಅಂತಲೇ ಬರಿ ಕಣಮ್ಮ, ಸಿಇಟಿ ಮುಗೀಲಿ, ಆಮೇಲೆ ನೋಡ್ಕೊಳ್ಳೋಣ” ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. “ಹೂಂ” ಅಂದು ಇಟ್ಟಳು.

ಆ ‘ಹೂಂ’ ನನ್ನನ್ನ ಮೂರು ವಾರ ಕೂತು ಓದೋ ಹಾಗೆ ಮಾಡ್ತು. ಯಾಕಂದ್ರೆ ನಮ್ಮ ಕಾಲದ ವಾಕ್ಯ ನನಗೆ ಇನ್ನೂ ಬಾಯಿಪಾಠ ಇದೆ. ‘ಆಲ್ ಎನ್‌ಜೈಮ್ಸ್ ಆರ್ ಪ್ರೋಟೀನ್ಸ್, ಬಟ್ ಆಲ್ ಪ್ರೋಟೀನ್ಸ್ ಆರ್ ನಾಟ್ ಎನ್‌ಜೈಮ್ಸ್.’ ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ ಓದಿ, ಪಿಯುಸಿಗೆ ದಿಢೀರ್ ಅಂತ ಇಂಗ್ಲಿಷಿಗೆ ಬಿದ್ದ ನಮಗೆ ಇಂಥ ವಾಕ್ಯಗಳೇ ಆಸರೆ. ಅರ್ಥ ಆಗಲಿ ಬಿಡಲಿ, ಹಾಗೇ ಬರೆದರೆ ಮಾರ್ಕ್ಸ್ ಗ್ಯಾರಂಟಿ. ನಾನು ಅದನ್ನ ಉರು ಹೊಡೆದಿದ್ದು 1992ರಲ್ಲಿ. ಆ ವಾಕ್ಯ ಸುಳ್ಳು ಅಂತ ಸಾಬೀತಾಗಿ ಆಗಲೇ ಹತ್ತು ವರ್ಷ ಆಗಿತ್ತು, ಸಾಬೀತು ಮಾಡಿದವರಿಗೆ ನೊಬೆಲ್ ಬಂದು ಮೂರು ವರ್ಷ ಆಗಿತ್ತು.

ಆದರೆ ಆ ವಾಕ್ಯವೂ ಸುಮ್ಮನೆ ಬಂದದ್ದಲ್ಲ. ಅದಕ್ಕಾಗಿ ಒಬ್ಬ ಮನುಷ್ಯ ಜೀವ ತೇದಿದ್ದ.

ಹೆಸರು ಜೇಮ್ಸ್ ಸಮ್ನರ್, ಅಮೆರಿಕದವನು. ಹದಿನೇಳನೇ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಗುಂಡು ತಗುಲಿ ಎಡಗೈ ಹೋಯ್ತು. ಆತ ಎಡಚ ಬೇರೆ. ಬಲಗೈಯಲ್ಲಿ ಎಲ್ಲ ಹೊಸದಾಗಿ ಕಲಿತು, ಒಂಟಿ ಕೈಯವನಿಗೆ ಕೆಮಿಸ್ಟ್ರಿ ಆಗಲ್ಲ ಅಂದ ದೊಡ್ಡವರ ಮಾತು ಕಿವಿಗೆ ಹಾಕಿಕೊಳ್ಳದೆ, 1917ರಿಂದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ಬೀನ್ ಅನ್ನೋ ದಪ್ಪ ಬಿಳಿ ಕಾಳನ್ನು ಹಿಟ್ಟು ಮಾಡಿ, ನೆನೆಸಿ, ಸೋಸಿ ಅದರೊಳಗಿನ ಯೂರಿಯೇಸ್ ಅನ್ನೋ ಕಿಣ್ವವನ್ನು ಹುಡುಕುತ್ತಾ ಕೂತ. ಊರಲ್ಲಿ ಬೆಳೆದವರಿಗೆ ಯೂರಿಯೇಸ್ ಪರಿಚಯ ಇದ್ದೇ ಇರುತ್ತೆ, ಹೆಸರು ಗೊತ್ತಿರಲ್ಲ ಅಷ್ಟೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಮೂಗಿಗೆ ಹೊಡೆಯೋ ಘಾಟು ಇದೆಯಲ್ಲ, ಅದು ಅಮೋನಿಯಾ. ಗಂಜಲದಲ್ಲಿರೋ ಯೂರಿಯಾವನ್ನು ಬ್ಯಾಕ್ಟೀರಿಯಾಗಳ ಯೂರಿಯೇಸ್ ಒಡೆದಾಗ ಬರೋದು. ಹೊಲಕ್ಕೆ ಎರಚಿದ ಯೂರಿಯಾ ಗೊಬ್ಬರಕ್ಕೂ ಇದೇ ಗತಿ. ಬರೀ ನೀರಲ್ಲಿ ಬಿಟ್ಟರೆ ಅರ್ಧ ಯೂರಿಯಾ ತಾನಾಗೇ ಒಡೆಯೋಕೆ ಹತ್ತಾರು ವರ್ಷ ಬೇಕು. ಕಿಣ್ವ ಇದ್ದರೆ ರಾತ್ರಿ ಕಳೆದು ಬೆಳಗಾಗೋದರೊಳಗೆ ಕೊಟ್ಟಿಗೆ ತುಂಬ ಘಾಟು.

ಒಂಬತ್ತು ವರ್ಷ ಆದಮೇಲೆ, 1926ರಲ್ಲಿ, ಸಮ್ನರ್‌ಗೆ ಯೂರಿಯೇಸಿನ ಹರಳುಗಳು ಸಿಕ್ಕಿದವು. ಪರೀಕ್ಷೆ ಮಾಡಿದರೆ ಶುದ್ಧ ಪ್ರೋಟೀನು. ಯಾರೂ ನಂಬಲಿಲ್ಲ. ಆಗಿನ ಕಾಲಕ್ಕೆ ಈ ವಿಷಯದಲ್ಲಿ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಹೇಳಿದ್ದೇ ವೇದ. ಅವರಿಗೆ 1915ರಲ್ಲೇ ನೊಬೆಲ್ ಬಂದಿತ್ತು. ಪ್ರೋಟೀನು ಬರೀ ಹೊರೆ ಹೊರುವ ಕತ್ತೆ, ಕೆಲಸ ಮಾಡೋ ಅಸಲಿ ವಸ್ತು ಅದರ ಜೊತೆ ಅಂಟಿಕೊಂಡಿರೋ ಬೇರೆ ಯಾವುದೋ ಅನ್ನೋದು ಅವರ ಕಡೆಯವರ ವಾದ. 1930ರಲ್ಲಿ ಜಾನ್ ನಾರ್ತ್ರಪ್ ಪೆಪ್ಸಿನ್ನಿನ ಹರಳು ತೆಗೆದ ಮೇಲೆ ಗಾಳಿ ತಿರುಗಿತು. ಸಮ್ನರ್‌ಗೆ ನೊಬೆಲ್ ಬಂದಿದ್ದು 1946ರಲ್ಲಿ, ಹರಳು ಕಂಡ ಇಪ್ಪತ್ತು ವರ್ಷಕ್ಕೆ. ಅಲ್ಲಿಂದ ಆ ವಾಕ್ಯ ಪಠ್ಯಪುಸ್ತಕ ಸೇರಿತು. ಜಗಳ ಆಡಿ ಗೆದ್ದ ಮಾತು ಬರಬರುತ್ತಾ ಯಾರೂ ಪ್ರಶ್ನೆ ಕೇಳಬಾರದ ಮಾತಾಯ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕಿಣ್ವ ಮಾಡೋ ಕೆಲಸ ಏನು? ನಮ್ಮ ಕಡೆ ಸಿದ್ಧಗಂಗೆ ದನಗಳ ಜಾತ್ರೆ ನೋಡಿದವರಿಗೆ ಹೇಳೋದು ಸುಲಭ. ಮಾರುವವನಿದ್ದಾನೆ, ಕೊಳ್ಳುವವನಿದ್ದಾನೆ. ಇಬ್ಬರನ್ನೇ ಬಿಟ್ಟರೆ ಜಾತ್ರೆ ಮುಗಿದರೂ ವ್ಯಾಪಾರ ಕುದುರಲ್ಲ. ನಡುವೆ ದಲ್ಲಾಳಿ ಬರ್ತಾನೆ. ಇಬ್ಬರನ್ನೂ ಎಳೆದು ಎದುರುಬದುರು ನಿಲ್ಲಿಸಿ, ಟವೆಲ್ಲಿನ ಕೆಳಗೆ ಬೆರಳು ಹಿಡಿಸಿ, ಐದು ನಿಮಿಷದಲ್ಲಿ ಹಗ್ಗ ಕೈ ಬದಲಾಗೋ ಹಾಗೆ ಮಾಡ್ತಾನೆ. ಅವನು ಎಮ್ಮೆಯನ್ನ ಹಸು ಮಾಡಲ್ಲ. ಆಗಬಹುದಾದ ವ್ಯಾಪಾರ ಬೇಗ ಆಗುತ್ತೆ, ಅಷ್ಟೆ. ಮುಗಿದ ಮೇಲೆ ಅವನು ಹೇಗಿದ್ದನೋ ಹಾಗೇ ಪಕ್ಕದ ಜೋಡಿಯ ಹತ್ತಿರ ಹೋಗ್ತಾನೆ. ಕಿಣ್ವ ಅಂದ್ರೆ ಇದೇ, ಕಮಿಷನ್ ತಗೊಳ್ಳದ ದಲ್ಲಾಳಿ. ಅಣುಗಳನ್ನ ಸರಿಯಾದ ದಿಕ್ಕಿಗೆ ತಿರುಗಿಸಿ ಹತ್ತಿರ ಹಿಡಿಯೋದು, ಬಂಧ ಮುರಿಯೋ ಆ ಇಕ್ಕಟ್ಟಿನ ಕ್ಷಣದಲ್ಲಿ ಆಸರೆ ಕೊಡೋದು. (ಹಾಲಿಗೆ ಹಾಕೋ ಹೆಪ್ಪಿನ ಉದಾಹರಣೆ ಬಹಳ ಜನ ಕೊಡ್ತಾರೆ, ಅದು ಅಷ್ಟು ಸರಿಯಲ್ಲ. ಹೆಪ್ಪಿನೊಳಗೆ ಬ್ಯಾಕ್ಟೀರಿಯಾಗಳು ಇಡೀ ಸಂಸಾರವೇ ಹೂಡಿಬಿಡ್ತವೆ.)

ಈಗ 1978ಕ್ಕೆ ಬನ್ನಿ. ಥಾಮಸ್ ಚೆಕ್ ಅನ್ನೋ ಮೂವತ್ತು ವರ್ಷದ ಹುಡುಗ ಕೊಲರಾಡೋದ ಬೌಲ್ಡರ್‌ನಲ್ಲಿ ಕೆಲಸಕ್ಕೆ ಸೇರಿದ. ಅವನ ಪ್ರಾಣಿ ಟೆಟ್ರಾಹೈಮಿನಾ. ಕೆರೆ ಕುಂಟೆಯ ನೀರಲ್ಲಿರೋ, ಮೈಯೆಲ್ಲ ಸಣ್ಣ ಕೂದಲಿರೋ ಒಂದೇ ಕೋಶದ ಜೀವಿ. ಅದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ, ಅದರ ದೊಡ್ಡ ನ್ಯೂಕ್ಲಿಯಸ್ಸಿನಲ್ಲಿ ಅವನಿಗೆ ಬೇಕಾದ ಒಂದೇ ಜೀನ್ ಹತ್ತು ಸಾವಿರದಷ್ಟು ಕಾಪಿ ಇರುತ್ತೆ. ಡಿಎನ್‌ಎಯಿಂದ ಆರ್‌ಎನ್‌ಎ ಹೇಗೆ ಕಾಪಿ ಆಗುತ್ತೆ ಅಂತ ನೋಡಬೇಕು ಅನ್ನೋದಷ್ಟೇ ಅವನ ಉದ್ದೇಶ. ಆದರೆ ಆ ಜೀನಿನ ನಡುವೆ ಬೇಡದ ತುಂಡೊಂದು ಸಿಕ್ಕಿಹಾಕಿಕೊಂಡಿತ್ತು, 413 ಅಕ್ಷರಗಳಷ್ಟು. ಇಂಥ ಬೇಡದ ತುಂಡುಗಳು ಇರ್ತವೆ ಅಂತ ಜಗತ್ತಿಗೆ ಗೊತ್ತಾಗಿದ್ದೇ ಅದರ ಹಿಂದಿನ ವರ್ಷ, 1977ರಲ್ಲಿ. ಆರ್‌ಎನ್‌ಎ ತಯಾರಾದ ಮೇಲೆ ಆ ತುಂಡನ್ನ ಕತ್ತರಿಸಿ ತೆಗೆದು, ಎರಡೂ ತುದಿಗಳನ್ನ ಗಂಟು ಹಾಕಬೇಕು. ಕತ್ತರಿಸೋರು ಯಾರು? ಕಿಣ್ವ. ಕಿಣ್ವ ಅಂದ್ರೆ? ಪ್ರೋಟೀನ್. ಸರಿ, ಹುಡುಕಿ ಅದನ್ನ.

ಲ್ಯಾಬಿನಲ್ಲಿ ಆರ್ಥರ್ ಜೌಗ್ ಅಂತ ಒಬ್ಬರು. ಅವರು ಎರಡು ಥರದ ಟ್ಯೂಬ್ ಇಟ್ಟರು. ಒಂದರಲ್ಲಿ ಆರ್‌ಎನ್‌ಎ, ಜೊತೆಗೆ ಕೋಶದ ನ್ಯೂಕ್ಲಿಯಸ್ಸಿನಿಂದ ತೆಗೆದ ರಸ. ಕಿಣ್ವ ಆ ರಸದಲ್ಲಿ ಇರಬೇಕು. ಇನ್ನೊಂದು ಕಂಟ್ರೋಲ್, ಅಂದ್ರೆ ರಸ ಹಾಕದ ಟ್ಯೂಬು. ಅಲ್ಲಿ ಏನೂ ಆಗಬಾರದು. ಮೊದಲನೆಯದರಲ್ಲಿ ತುಂಡು ಕತ್ತರಿಸಿ ಬಂದಿತ್ತು, ಖುಷಿ. ಎರಡನೆಯದರಲ್ಲೂ ಬಂದಿತ್ತು.

ನಮ್ಮ ವೃತ್ತಿಯವರಿಗೆ ಈ ಹೊಟ್ಟೆಯ ಸಂಕಟ ಬೇಗ ಅರ್ಥ ಆಗುತ್ತೆ. ಫೇಲ್ ಆಗಲೇಬೇಕಾದ ಟೆಸ್ಟ್ ಕೇಸು ಪಾಸ್ ಆದರೆ ಇರೋ ತಲೆನೋವು, ಪಾಸ್ ಆಗಬೇಕಾದ್ದು ಫೇಲ್ ಆದರೆ ಇರಲ್ಲ. ಮೊದಲ ಅನುಮಾನ ಯಾವಾಗಲೂ ಟೆಸ್ಟ್ ಬರೆದವನ ಮೇಲೆ. ಚೆಕ್ ಕೂಡ ಅದನ್ನೇ ಅಂದಿದ್ದು, ಕಂಟ್ರೋಲ್ ಟ್ಯೂಬು ಮಾಡುವಾಗ ಏನೋ ಎಡವಟ್ಟು ಮಾಡಿದ್ದೀಯ ಅಂತ. ಜೌಗ್ ಮತ್ತೆ ಮಾಡಿದರು. ಮತ್ತೆ ಅದೇ. ಉಪ್ಪು, ಮೆಗ್ನೀಸಿಯಂ, ಗ್ವಾನೋಸಿನ್ ಅನ್ನೋ ಚಿಕ್ಕ ಅಣು, ಇಷ್ಟಿದ್ದರೆ ಸಾಕು, ಆರ್‌ಎನ್‌ಎ ತನ್ನ ತುಂಡನ್ನ ತಾನೇ ಉದುರಿಸ್ತಿತ್ತು.

ನಾನಾಗಿದ್ದರೆ ಅವತ್ತೇ ‘ಯುರೇಕಾ’ ಅಂತ ಮೇಲ್ ಕಳಿಸಿಬಿಡ್ತಿದ್ದೆ. ಅವರು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಫಲಿತಾಂಶವನ್ನೇ ಕೊಲ್ಲೋಕೆ ನೋಡಿದರು. ಎಲ್ಲೋ ಒಂದು ಪ್ರೋಟೀನು ಆರ್‌ಎನ್‌ಎಗೆ ಗಟ್ಟಿಯಾಗಿ ಅಂಟಿಕೊಂಡು ಬಂದಿರಬೇಕು ಅಂತ. ಕುದಿಸಿದರು. ಸೋಪಿನಂಥ ಡಿಟರ್ಜೆಂಟಿನಲ್ಲಿ ಅಲ್ಲಾಡಿಸಿದರು. ಫೀನಾಲ್ ಹಾಕಿ ತೊಳೆದರು. ಪ್ರೋಟೀನನ್ನ ತಿಂದುಹಾಕೋ ಕಿಣ್ವ ಬಿಟ್ಟರು. ಏನೂ ಬದಲಾಗಲಿಲ್ಲ. ಆದರೂ ‘ಎಲ್ಲೋ ಒಂದು ಚೂರು ಉಳಿದಿರಬಹುದು’ ಅನ್ನೋ ವಾದಕ್ಕೆ ಕೊನೆ ಎಲ್ಲಿ? ಕೊನೆಗೆ ಬೇರೆ ದಾರಿ ಹಿಡಿದರು. ಆ ಜೀನನ್ನ ಬ್ಯಾಕ್ಟೀರಿಯಾಗೆ ಸೇರಿಸಿ ಬೆಳೆಸಿ, ಡಿಎನ್‌ಎ ಹೊರಗೆ ತೆಗೆದು, ಟ್ಯೂಬಿನಲ್ಲೇ ಆರ್‌ಎನ್‌ಎ ತಯಾರಿಸಿದರು. ಈ ಆರ್‌ಎನ್‌ಎ ಟೆಟ್ರಾಹೈಮಿನಾದ ಮುಖವನ್ನೇ ಕಂಡದ್ದಲ್ಲ, ಅದರ ಪ್ರೋಟೀನು ಅಂಟಿರೋ ಪ್ರಶ್ನೆಯೇ ಇಲ್ಲ. ಅದೂ ತನ್ನ ತುಂಡನ್ನ ತಾನೇ ಕತ್ತರಿಸಿತು. 1982ರ ನವೆಂಬರಿನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಲೇಖನ ಬಂತು. ‘ರೈಬೋಜೈಮ್’ ಅನ್ನೋ ಪದ ಹುಟ್ಟಿದ್ದು ಅಲ್ಲೇ.

ಹೇಗೆ ಮಾಡುತ್ತೆ? ಆರ್‌ಎನ್‌ಎಯನ್ನ ನಾವು ಉದ್ದನೆಯ ದಾರ ಅಂದ್ಕೊಂಡಿರ್ತೀವಿ. ಅದು ದಾರವಾಗಿ ಇರೋದೇ ಇಲ್ಲ. ತನ್ನ ಅಕ್ಷರಗಳಿಗೆ ಜೋಡಿ ತನ್ನಲ್ಲೇ ಹುಡುಕಿಕೊಂಡು ಮಡಚಿಕೊಳ್ಳುತ್ತೆ, ಗಂಟು ಗಂಟಾಗುತ್ತೆ, ನಡುವೆ ಸಣ್ಣ ಗೂಡು ಏಳುತ್ತೆ. ಗ್ವಾನೋಸಿನ್ ಆ ಗೂಡಿನಲ್ಲಿ ಬಂದು ಕೂರುತ್ತೆ. ಕತ್ತರಿಸಬೇಕಾದ ಬಂಧ ಸರಿಯಾಗಿ ಅದರ ಮುಂದಕ್ಕೆ ಬಂದು ನಿಲ್ಲುತ್ತೆ. ಗ್ವಾನೋಸಿನ್ನಿನ ಆಮ್ಲಜನಕ ಆ ಬಂಧದ ಮೇಲೆ ಎರಗಿದಾಗ ವಿದ್ಯುದಂಶದ ಎಳೆದಾಟ ಆಗುತ್ತಲ್ಲ, ಅದನ್ನ ಮೆಗ್ನೀಸಿಯಂ ಅಯಾನುಗಳು ಹಿಡಿದು ಸಮಾಧಾನ ಮಾಡ್ತವೆ. ಬಂಧ ಒಂದು ಕಡೆ ಬಿಟ್ಟಿತು. ಬಿಟ್ಟುಹೋದ ತುದಿ ಈಗ ಇನ್ನೊಂದು ಕಡೆಯ ಬಂಧದ ಮೇಲೆ ಎರಗುತ್ತೆ. ಅದೂ ಬಿಡುತ್ತೆ, ಆದರೆ ಅದೇ ಏಟಿಗೆ ಎರಡು ತುದಿ ಸೇರಿಕೊಳ್ತವೆ. ಹೊರಗಿನ ಶಕ್ತಿ ಒಂದು ಚೂರೂ ಖರ್ಚಿಲ್ಲ, ಒಂದು ಬಂಧ ಹೋದ ಕಡೆ ಇನ್ನೊಂದು ಬಂಧ. ಇದೇ ಆರ್‌ಎನ್‌ಎಯ ವೇಗವನ್ನ ಆಮೇಲೆ ಅಳೆದಾಗ, ಏನೂ ಇಲ್ಲದೆ ನೀರಿನಲ್ಲಿ ಅಂಥ ಬಂಧ ಮುರಿಯೋದಕ್ಕಿಂತ ಸುಮಾರು ಹತ್ತು ಸಾವಿರ ಕೋಟಿ ಪಟ್ಟು ಹೆಚ್ಚಿತ್ತು.

ಪ್ರೋಟೀನಿನ ಹತ್ತಿರ ಇಪ್ಪತ್ತು ಥರದ ಅಮೈನೋ ಆಮ್ಲಗಳಿವೆ, ಒಂದೊಂದಕ್ಕೆ ಒಂದೊಂದು ಗುಣ. ಬಡಗಿಯ ಪೂರ್ತಿ ಪೆಟ್ಟಿಗೆ ಇದ್ದ ಹಾಗೆ. ಆರ್‌ಎನ್‌ಎ ಹತ್ತಿರ ಇರೋದು ನಾಲ್ಕೇ ಅಕ್ಷರ, ಅವೂ ಒಂದಕ್ಕೊಂದು ಹೆಚ್ಚು ಬೇರೆಯಲ್ಲ. ಒಂದು ಮಚ್ಚಿನಲ್ಲೇ ತೆಂಗಿನಕಾಯಿ ಸುಲಿದು, ಬೇಲಿ ಸವರಿ, ಪೆನ್ಸಿಲ್ ಕೂಡ ಜೀವೋ ನಮ್ಮಜ್ಜನ ಜಾಣತನ ಅದರದ್ದು.

ಆದರೆ ತಕರಾರು ಇತ್ತು, ನ್ಯಾಯವಾದದ್ದೇ. ದಲ್ಲಾಳಿ ವ್ಯಾಪಾರ ಮುಗಿದ ಮೇಲೆ ಹಾಗೇ ಇರಬೇಕು ತಾನೇ? ಚೆಕ್ ಕಂಡ ಆರ್‌ಎನ್‌ಎ ತನ್ನನ್ನೇ ಕತ್ತರಿಸಿಕೊಂಡು ಬದಲಾಗಿಬಿಡುತ್ತೆ, ಒಂದೇ ವ್ಯಾಪಾರಕ್ಕೆ ದಲ್ಲಾಳಿ ಖತಂ. ಇದನ್ನ ಕಿಣ್ವ ಅಂತ ಹೇಗೆ ಕರೀತೀರಿ?

ಉತ್ತರ ಬಂದಿದ್ದು ಯೇಲ್ ವಿಶ್ವವಿದ್ಯಾಲಯದಿಂದ. ಸಿಡ್ನಿ ಆಲ್ಟ್‌ಮನ್, ಮಾಂಟ್ರಿಯಲ್‌ನ ದಿನಸಿ ಅಂಗಡಿಯವರ ಮಗ. ಅವರು ವರ್ಷಗಳಿಂದ ಆರ್‌ಎನ್‌ಏಸ್ ಪಿ ಅನ್ನೋ ಬ್ಯಾಕ್ಟೀರಿಯಾದ ಕಿಣ್ವದ ಬೆನ್ನು ಬಿದ್ದಿದ್ದರು. ಟ್ರಾನ್ಸ್‌ಫರ್ ಆರ್‌ಎನ್‌ಎ ಅನ್ನೋ ಅಣುವಿನ ತಲೆಯ ಕಡೆ ಇರೋ ಹೆಚ್ಚುವರಿ ತುಂಡನ್ನ ಅದು ಕತ್ತರಿಸುತ್ತೆ. 1978ರಲ್ಲಿ ಅವರ ವಿದ್ಯಾರ್ಥಿ ಬೆಂಜಮಿನ್ ಸ್ಟಾರ್ಕ್, ಈ ಕಿಣ್ವದೊಳಗೆ ಪ್ರೋಟೀನಿನ ಜೊತೆ ಆರ್‌ಎನ್‌ಎ ಕೂಡ ಇದೆ, ಆ ಆರ್‌ಎನ್‌ಎ ಹಾಳು ಮಾಡಿದರೆ ಕಿಣ್ವ ಕೆಲಸ ಮಾಡಲ್ಲ ಅಂತ ತೋರಿಸಿದ. ತೂಕದಲ್ಲಿ ಪ್ರೋಟೀನು ಹತ್ತರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಆರ್‌ಎನ್‌ಎ. ಆದರೂ ಕೆಲಸ ಮಾಡೋದು ಪ್ರೋಟೀನೇ ಇರಬೇಕು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1983ರಲ್ಲಿ ಸಿಸಿಲಿಯಾ ಗುರಿಯೆ-ಟಕಾಡ, ಕೊಲರಾಡೋದ ನಾರ್ಮನ್ ಪೇಸ್ ಅವರ ಲ್ಯಾಬಿನ ಜೊತೆ ಸೇರಿ ಒಂದು ಬ್ಯಾಕ್ಟೀರಿಯಾದ ಆರ್‌ಎನ್‌ಎಗೆ ಇನ್ನೊಂದರ ಪ್ರೋಟೀನು ಬೆರೆಸಿ ನೋಡ್ತಿದ್ದರು. ಮೆಗ್ನೀಸಿಯಂ ಮಾಮೂಲಿಗಿಂತ ಹೆಚ್ಚಿದ್ದ ದ್ರಾವಣದಲ್ಲಿ, ಪ್ರೋಟೀನೇ ಹಾಕದೆ ಇಟ್ಟ ಟ್ಯೂಬಿನಲ್ಲಿ ಕೆಲಸ ಆಗಿಬಿಟ್ಟಿತ್ತು. ಮತ್ತೆ ಕಂಟ್ರೋಲ್! ಎರಡು ಊರು, ಎರಡು ಬೇರೆ ಪ್ರಶ್ನೆ, ಎರಡೂ ಕಡೆ ಉತ್ತರ ಕೂತಿದ್ದು ಯಾರೂ ಗಮನ ಕೊಡದ ಆ ಟ್ಯೂಬಿನಲ್ಲಿ. ಈ ಆರ್‌ಎನ್‌ಎ ಬದಲಾಗೋದೂ ಇಲ್ಲ, ಒಂದಾದ ಮೇಲೊಂದು ಅಣು ಕತ್ತರಿಸ್ತಾ ಹೋಗುತ್ತೆ. ಪಕ್ಕಾ ದಲ್ಲಾಳಿ. ಇಲ್ಲಿ ಪ್ರೋಟೀನು ಬರೀ ಸಹಾಯಕ. ವಿಲ್‌ಸ್ಟೇಟರ್ ಬದುಕಿದ್ದರೆ ಮೀಸೆಯಡಿಯಲ್ಲಿ ನಗ್ತಿದ್ದರೋ ಏನೋ. ಯೂರಿಯೇಸ್ ವಿಷಯದಲ್ಲಿ ಅವರು ಸೋತರು, ಸಮ್ನರ್ ಗೆದ್ದದ್ದು ಗೆದ್ದದ್ದೇ. ‘ಎಲ್ಲಾ’ ಅನ್ನೋ ಮಾತು ಮಾತ್ರ ಇಬ್ಬರ ಕೈಲೂ ನಿಲ್ಲಲಿಲ್ಲ.

1986ರಲ್ಲಿ ಜೌಗ್ ಮತ್ತು ಚೆಕ್ ಕೂಡ ತಮ್ಮ ಆರ್‌ಎನ್‌ಎಯನ್ನ ಸ್ವಲ್ಪ ಮೊಟಕು ಮಾಡಿ, ಅದು ಬೇರೆ ಅಣುಗಳ ಮೇಲೆ ಸಲ ಸಲಕ್ಕೂ ಕೆಲಸ ಮಾಡೋದನ್ನ ತೋರಿಸಿದರು. 1989ರಲ್ಲಿ ಚೆಕ್, ಆಲ್ಟ್‌ಮನ್ ಇಬ್ಬರಿಗೂ ಸೇರಿಸಿ ನೊಬೆಲ್ ಬಂತು. ಜೌಗ್, ಗುರಿಯೆ-ಟಕಾಡ ಅವರ ಹೆಸರು ಅದರಲ್ಲಿಲ್ಲ. ಟ್ಯೂಬು ಇಟ್ಟವರ ಹೆಸರು ಪ್ರಾಜೆಕ್ಟ್ ಮುಗಿದ ಮೇಲಿನ ಮೇಲಿನಲ್ಲಿ ಕಡೇ ಸಾಲಿಗೆ ಬರೋದು ನಮ್ಮ ಕಡೆ ಮಾತ್ರ ಅಲ್ಲ.

ಒಂದು ಕಿಣ್ವದ ಸುದ್ದಿಗೆ ಇಷ್ಟೆಲ್ಲ ಯಾಕೆ ಅಂದ್ರೆ, ಇದರ ಹಿಂದೆ ಬಹಳ ಹಳೆಯ ಗಂಟೊಂದಿತ್ತು. ನಮ್ಮ ಹಿರಿಯರು ಬೀಜವೃಕ್ಷ ನ್ಯಾಯ ಅಂತಿದ್ದರಲ್ಲ, ಬೀಜ ಮೊದಲೋ ಮರ ಮೊದಲೋ ಅಂತ. ಪ್ರೋಟೀನು ಮಾಡೋ ವಿಧಾನ ಡಿಎನ್‌ಎಯಲ್ಲಿ ಬರೆದಿದೆ. ಡಿಎನ್‌ಎಯನ್ನ ಓದೋಕೆ, ಕಾಪಿ ಮಾಡೋಕೆ ಪ್ರೋಟೀನು ಬೇಕು. ಹಾಗಾದ್ರೆ ಜೀವ ಶುರುವಾಗಿದ್ದು ಎಲ್ಲಿಂದ? ಸಿ ಕಂಪೈಲರನ್ನ ಸಿ ಭಾಷೆಯಲ್ಲೇ ಬರೆದಿರ್ತಾರೆ, ಹಾಗಾದ್ರೆ ಮೊದಲ ಕಂಪೈಲರನ್ನ ಕಂಪೈಲ್ ಮಾಡಿದ್ದು ಯಾರು ಅಂತ ನಾವು ಹಾಸ್ಟೆಲಲ್ಲಿ ಕಿತ್ತಾಡ್ತಿದ್ದೆವಲ್ಲ, ಅದೇ ಪ್ರಶ್ನೆ. ಕೋಡೂ ತಾನೇ, ಅದನ್ನ ಓಡಿಸೋ ಮೆಷೀನೂ ತಾನೇ ಆಗಿರೋ ವಸ್ತು ಒಂದಿದ್ದರೆ ಗಂಟು ಬಿಚ್ಚುತ್ತೆ. 1960ರ ದಶಕದ ಕೊನೆಗೇ ಕಾರ್ಲ್ ವೋಸ್, ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಆರ್ಗೆಲ್ ಮೂವರೂ ಅದು ಆರ್‌ಎನ್‌ಎ ಆಗಿರಬಹುದು ಅಂತ ಊಹಿಸಿದ್ದರು. ಆಗ ಅದಕ್ಕೆ ಪುರಾವೆ ಇರಲಿಲ್ಲ. ಚೆಕ್, ಆಲ್ಟ್‌ಮನ್ ಬಂದ ಮೇಲೆ 1986ರಲ್ಲಿ ವಾಲ್ಟರ್ ಗಿಲ್ಬರ್ಟ್ ಆ ಕಾಲಕ್ಕೆ ‘ಆರ್‌ಎನ್‌ಎ ಜಗತ್ತು’ ಅಂತ ಹೆಸರಿಟ್ಟರು.

ಹಾಗಿದ್ದರೆ ಆ ಹಳೆಯ ಜಗತ್ತಿನ ಗುರುತು ನಮ್ಮ ಮೈಯಲ್ಲಿ ಎಲ್ಲಾದರೂ ಉಳಿದಿರಬೇಕಲ್ಲ? ಇಲ್ಲಿಗೆ ನಮ್ಮ ಕಾಫಿ ಮೆಷೀನಿನ ಮಾತು ಬರುತ್ತೆ. ರೈಬೋಸೋಮ್ ಅಂದ್ರೆ ಪ್ರತಿ ಕೋಶದಲ್ಲೂ ಇರೋ ಪ್ರೋಟೀನ್ ಫ್ಯಾಕ್ಟರಿ. ಅದರಲ್ಲಿ ಆರ್‌ಎನ್‌ಎಯೂ ಇದೆ, ಹತ್ತಾರು ಪ್ರೋಟೀನುಗಳೂ ಇವೆ. ಅಮೈನೋ ಆಮ್ಲಗಳನ್ನ ಪೋಣಿಸೋದು ಯಾವುದು? ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನ ಹ್ಯಾರಿ ನೋಲರ್, ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದ ರೈಬೋಸೋಮ್ ತಗೊಂಡು, ಚೆಕ್ ಥರವೇ ಪ್ರೋಟೀನುಗಳನ್ನ ತೊಳೆದು ತೊಳೆದು ತೆಗೆದರು. ಆದರೂ ಬಂಧ ಬೆಸೆಯೋ ಕೆಲಸ ನಿಲ್ಲಲಿಲ್ಲ. ಇದು 1992, ನಾನು ‘ಆಲ್ ಎನ್‌ಜೈಮ್ಸ್’ ಉರು ಹೊಡೀತಿದ್ದ ವರ್ಷ. ಆದರೆ ಕೆಲವು ಪ್ರೋಟೀನು ಎಷ್ಟು ತೊಳೆದರೂ ಹೋಗಿರಲಿಲ್ಲ, ಹಾಗಾಗಿ ಅನುಮಾನ ಉಳಿಯಿತು. 2000ದಲ್ಲಿ ಯೇಲ್‌ನ ಥಾಮಸ್ ಸ್ಟೈಟ್ಸ್, ಪೀಟರ್ ಮೂರ್ ತಂಡದವರು ಮೃತ ಸಮುದ್ರದ ಉಪ್ಪಿನಲ್ಲಿ ಬದುಕೋ ಸೂಕ್ಷ್ಮಜೀವಿಯೊಂದರ ರೈಬೋಸೋಮಿನ ದೊಡ್ಡ ಭಾಗದ ಚಿತ್ರ ತೆಗೆದರು, ಅಣು ಅಣುವಾಗಿ ಕಾಣೋ ಹಾಗೆ. ಬಂಧ ಬೆಸೆಯೋ ಜಾಗದ ಸುತ್ತ 18 ಆಂಗ್‌ಸ್ಟ್ರಾಮ್‌ವರೆಗೂ ಪ್ರೋಟೀನಿನ ಸುಳಿವೇ ಇಲ್ಲ. ಅಷ್ಟು ದೂರದಿಂದ ಕೈ ಚಾಚೋಕೆ ಯಾವ ಪ್ರೋಟೀನಿಗೂ ಆಗಲ್ಲ. ಅಂದ್ರೆ ನಮ್ಮ ಮೈಯ ಪ್ರತಿ ಪ್ರೋಟೀನನ್ನೂ ಪೋಣಿಸ್ತಿರೋದು ಆರ್‌ಎನ್‌ಎ. ಅಮೈನೋ ಆಮ್ಲಗಳನ್ನ ಎದುರುಬದುರು ಸರಿಯಾಗಿ ನಿಲ್ಲಿಸಿಯೇ ಅದು ಕೆಲಸವನ್ನ ಕೋಟಿ ಪಟ್ಟು ವೇಗ ಮಾಡುತ್ತೆ. ಸಮ್ನರನ ಯೂರಿಯೇಸ್ ಕೂಡ ಹುಟ್ಟೋದು ಹೀಗೇ!

ರಾಮಕೃಷ್ಣನ್ ಅವರದು ರೈಬೋಸೋಮಿನ ಚಿಕ್ಕ ಭಾಗದ ಚಿತ್ರ. ಆರ್‌ಎನ್‌ಎಯ ಅಕ್ಷರಗಳನ್ನ ತಪ್ಪಿಲ್ಲದ ಹಾಗೆ ಓದಿ ಸರಿಯೋ ಅಲ್ಲವೋ ಅಂತ ತಾಳೆ ನೋಡೋದು ಆ ಭಾಗ. ಇಪ್ಪತ್ತು ವರ್ಷ ಹಠ ಹಿಡಿದು ಹರಳು ಬೆಳೆಸಿದ ಇಸ್ರೇಲಿನ ಅಡಾ ಯೋನತ್, ಸ್ಟೈಟ್ಸ್, ಇವರು, ಮೂವರಿಗೂ 2009ರ ನೊಬೆಲ್ ಸೇರಿ ಬಂತು. ಭಾರತದಿಂದ ಬಂದು ಬಿದ್ದ ಅಭಿನಂದನೆಗಳಿಂದ ಮೇಲ್‌ಬಾಕ್ಸ್ ತುಂಬಿ ಕಷ್ಟ ಆಗಿದೆ ಅಂತ ಅವರು ಬೇಸರ ಮಾಡಿಕೊಂಡದ್ದು ಪೇಪರಲ್ಲಿ ಬಂತು. ನಮ್ಮ ಆಫೀಸಿನವರಿಗೆ ಸಿಟ್ಟು ಬಂದಿದ್ದೂ ಬಂತು.

ಆರ್‌ಎನ್‌ಎ ಜಗತ್ತು ನಿಜವಾಗಿ ಇತ್ತು ಅನ್ನೋದು ಇನ್ನೂ ಸಾಬೀತಾಗಿಲ್ಲ. ಆದರೆ 2009ರ ಜನವರಿಯಲ್ಲಿ ಟ್ರೇಸಿ ಲಿಂಕನ್, ಜೆರಾಲ್ಡ್ ಜಾಯ್ಸ್ ಇಬ್ಬರು, ಒಂದನ್ನೊಂದು ಜೋಡಿಸಿಕೊಂಡು ಹೆಚ್ಚಾಗ್ತಾ ಹೋಗೋ ಎರಡು ಆರ್‌ಎನ್‌ಎಗಳನ್ನ ಟ್ಯೂಬಿನಲ್ಲಿ ಮಾಡಿ ತೋರಿಸಿದಾರೆ. ಅವಕ್ಕೆ ಬೇಕಾದ ತುಂಡುಗಳನ್ನ ಮಾತ್ರ ಮನುಷ್ಯರೇ ತಯಾರಿಸಿ ಹಾಕಬೇಕು. ಅಲ್ಲಿಂದ ಜೀವದವರೆಗಿನ ದಾರಿ ದೂರ ಇದೆ.

ಹೋದ ಶನಿವಾರ ಚೆಕ್ ಅವರ ನೊಬೆಲ್ ಭಾಷಣವನ್ನ ಪ್ರಿಂಟ್ ತೆಗೆದು, ಊರಿಗೆ ಹೋಗೋ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದೆ. ಜೊತೆಗೊಂದು ಚೀಟಿ: ‘ಪುಟ್ಟಿ, ನೀನು ಬರೆದಿದ್ದೇ ಸರಿ. ಅವತ್ತು ಫೋನಲ್ಲಿ ನಾನು ಹೇಳಿದ್ದು ತಪ್ಪು.’ ಬುಧವಾರ ಫೋನ್ ಬಂತು.

“ಸರ್‌ಗೆ ತೋರಿಸಿದೆ ಚಿಕ್ಕಪ್ಪ. ಓದಿ ಕೊಡ್ತೀನಿ ಅಂತ ಅವರೇ ಇಟ್ಕೊಂಡಿದಾರೆ.”

“ಮಾರ್ಕ್ಸು?”

“ಅದಿನ್ನೂ ಕೊಟ್ಟಿಲ್ಲ.”